ಒಲೆ ದಂಡಿನದು, ಹೂರಣ ಹಾಸನದ್ದು

ದಿಲ್‌ಪಸಂದ್ ಮೊದಲ ಸಲ ನೋಡಿದವರಿಗೆ ಅದು ದಪ್ಪನೆಯ ರೊಟ್ಟಿಯಂತೆ ಕಾಣುತ್ತದೆ. ಬೇಕರಿಯವರು ಅದನ್ನು ತ್ರಿಕೋನವಾಗಿ ಕತ್ತರಿಸಿ ಕಾಗದದ ಮೇಲಿಟ್ಟು ಕೊಟ್ಟಾಗಲೇ ಒಳಗಿನ ಕೊಬ್ಬರಿ ತುರಿ, ಕೆಂಪು ಹಸಿರು ಟೂಟಿ ಫ್ರೂಟಿ ಕಣ್ಣಿಗೆ ಬೀಳುವುದು. ಕಚ್ಚಿದರೆ ಮೇಲಿನ ಹಿಟ್ಟು ಪುಡಿಯಾಗಿ ಉದುರುತ್ತದೆ, ಸಕ್ಕರೆ ಬೆರೆತ ಕೊಬ್ಬರಿ ಹಲ್ಲಿಗೆ ಸಿಕ್ಕುತ್ತದೆ, ಏಲಕ್ಕಿ ಕೊನೆಗೆ ಬರುತ್ತದೆ. ಕಾಯಿ ಒಬ್ಬಟ್ಟು ತಿಂದು ಬೆಳೆದವರು ಎರಡನೇ ತುತ್ತಿಗೇ ಇದರ ನಂಟು ಗುರುತಿಸುತ್ತಾರೆ. ಕಣಕವೂ ಇದೆ, ಹೂರಣವೂ ಇದೆ. ಕಾವಲಿಯ ಜಾಗಕ್ಕೆ ಓವನ್ ಬಂದಿದೆ, ಅಷ್ಟೆ.

ಈ ತಿಂಡಿ ಸಿಗುವ ‘ಅಯ್ಯಂಗಾರ್ ಬೇಕರಿ’ ಇವತ್ತು ಬೆಂಗಳೂರಿನ ಗುರುತಾಗಿದೆ. ಆದರೆ ಅದರ ಬೇರು ಇರುವುದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ. ಈ ಸೀಮೆಯಲ್ಲಿ ನೆಲೆಸಿದ್ದ ಹೆಬ್ಬಾರ್ ಅಯ್ಯಂಗಾರ್ ಕುಟುಂಬಗಳಿಂದ ಬಂದವರು ಇದನ್ನು ಕಟ್ಟಿದರು. ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ಎಚ್.ಎಸ್. ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭಿಸಿದ ಬೆಂಗಳೂರು ಬ್ರಾಹ್ಮಿನ್ಸ್ ಬೇಕರಿ, ಅಂದರೆ ಬಿ.ಬಿ. ಬೇಕರಿಯನ್ನೇ ಈ ಪರಂಪರೆಯ ಮೊದಲನೆಯದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೊದಲು ಸಿಹಿತಿಂಡಿ ಅಂಗಡಿ ಇಟ್ಟಿದ್ದ ಅವರಿಗೆ, ಅಲ್ಲಿಗೆ ಬರುತ್ತಿದ್ದ ಇಂಗ್ಲಿಷರವನೊಬ್ಬ ಬ್ರೆಡ್ ಸುಡುವುದನ್ನು ಕಲಿಸಿದನೆಂಬುದು ಬೇಕರಿಗರ ನಡುವೆ ನಡೆದುಬಂದಿರುವ ಕಥೆ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ಪ್ರದೇಶ ಹುಟ್ಟಿ ಸುಮಾರು ತೊಂಬತ್ತು ವರ್ಷವಾಗಿತ್ತು. ಬ್ರೆಡ್ಡು, ಬಿಸ್ಕತ್ತು ಅಲ್ಲಿ ಹೊಸದೇನಲ್ಲ. ಪೇಟೆಯ ಮಡಿವಂತ ಮನೆಗಳಿಗೆ ಮಾತ್ರ ಅವು ನಿಷಿದ್ಧ.

ಆ ನಿಷೇಧವನ್ನು ಮುರಿದದ್ದೇ ಇವರ ದೊಡ್ಡ ಕೆಲಸ. ಮೊಟ್ಟೆ ಮುಟ್ಟದೆ ಬೇಕರಿ ನಡೆಸಿ ತೋರಿಸಿದರು. ಬ್ರೆಡ್ಡಿಗೆ ಈಸ್ಟ್ ಸಾಕು, ಪಫ್‌ಗೆ ಕೊಬ್ಬು ಸಾಕು. ಕೇಕ್ ಉಬ್ಬುವುದಕ್ಕೂ ಹಿಡಿದು ನಿಲ್ಲುವುದಕ್ಕೂ ಮೊಟ್ಟೆಯನ್ನೇ ನಂಬಿರುವ ತಿಂಡಿ. ಅದಿಲ್ಲದೆ ಸೋಡ, ಹುಳಿ ಮೊಸರಿನಂಥವುಗಳಿಂದ ಮೆತ್ತಗೆ ಮಾಡುವುದಕ್ಕೆ ಕೈಯಲ್ಲಿ ಹದ ಬೇಕು. ‘ಬ್ರಾಹ್ಮಿನ್ಸ್’, ‘ಅಯ್ಯಂಗಾರ್’ ಎಂಬ ಬೋರ್ಡು ಆ ಕಾಲದ ಗಿರಾಕಿಗೆ ಮೊಟ್ಟೆಯಿಲ್ಲ ಎಂಬ ಭರವಸೆಯಾಗಿತ್ತು. ಈಗ ಅದೇ ಬೋರ್ಡಿನ ಕೆಲವು ಅಂಗಡಿಗಳಲ್ಲಿ ಮೊಟ್ಟೆ ಪಫ್ ಕೂಡ ಸಿಗುತ್ತದೆ.

ಪಫ್ ಮಾಡುವುದನ್ನು ಒಮ್ಮೆ ನಿಂತು ನೋಡಬೇಕು. ಮೈದಾ ಹಿಟ್ಟನ್ನು ಲಟ್ಟಿಸಿ, ಅದರ ಮೇಲೆ ಕೊಬ್ಬು ಹರಡಿ, ಮಡಿಸಿ, ತಿರುಗಿಸಿ, ಮತ್ತೆ ಲಟ್ಟಿಸುತ್ತಾರೆ. ಪ್ರತಿ ಸಲವೂ ಮೂರು ಮಡಿಕೆಯಾದರೆ ನಾಲ್ಕೇ ಸುತ್ತಿಗೆ ಎಂಬತ್ತೊಂದು ಪದರ. ಓವನ್ನಿನ ಬಿಸಿಗೆ ಹಿಟ್ಟಿನ ನೀರು ಆವಿಯಾಗಿ ಪದರಗಳನ್ನು ಮೇಲೆತ್ತುತ್ತದೆ, ನಡುವಿನ ಕೊಬ್ಬು ಅವು ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ಕೆಲಸದ ಮಧ್ಯೆ ಕೊಬ್ಬು ಕರಗಿತೋ, ಪದರ ಕೂಡಿಕೊಂಡು ಪಫ್ ಹೋಗಿ ಬನ್ನಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಬೆಣ್ಣೆ ಗಟ್ಟಿಯಾಗಿ ನಿಲ್ಲದು. ಹೆಚ್ಚಿನ ಬೇಕರಿಗಳು ಮಾರ್ಗರಿನ್ ಬಳಸುವುದಕ್ಕೆ ಬೆಲೆಯ ಜೊತೆಗೆ ಇದೂ ಒಂದು ಕಾರಣ.

ಇನ್ನು ಒಳಗಿನದು. ಪಫ್ ಮತ್ತು ಆಲೂ ಬನ್ನಿಗೆ ಹೂರಣವಾಗುವುದು ಆಲೂಗಡ್ಡೆ ಪಲ್ಯ, ದಿಲ್‌ಪಸಂದ್‌ಗೆ ಕೊಬ್ಬರಿ. ಮುಂಗಾರು ಮಳೆ ನಂಬಿ ಆಲೂಗಡ್ಡೆ ಬಿತ್ತುವ ಕರ್ನಾಟಕದ ಮುಖ್ಯ ಜಿಲ್ಲೆ ಹಾಸನ. ಬಿತ್ತನೆ ಗಡ್ಡೆ ದೂರದ ಪಂಜಾಬಿನ ಜಲಂಧರದಿಂದ ಬರುತ್ತದೆ. ಅಂಗಮಾರಿ ರೋಗದ ಹೊಡೆತಕ್ಕೆ ಎಷ್ಟೋ ರೈತರು ಈಗ ಮುಸುಕಿನ ಜೋಳಕ್ಕೆ ತಿರುಗಿದ್ದಾರೆ. ಚನ್ನರಾಯಪಟ್ಟಣದ ಕಡೆ ಹೋದರೆ ತೆಂಗಿನ ತೋಟಗಳು. ಊರು ಬಿಟ್ಟು ಬಂದವರು ಪರದೇಶಿ ಹಿಟ್ಟಿನೊಳಗೆ ತುಂಬಿದ್ದು ತಮ್ಮ ಹೊಲ ತೋಟದ ರುಚಿಯನ್ನೇ.

ಹೀಗಾದದ್ದು ಇಲ್ಲಿ ಮಾತ್ರವಲ್ಲ. ವಿಯೆಟ್ನಾಮಿಗೆ ಫ್ರೆಂಚರು ತಂದ ಪಫ್ ಅಲ್ಲಿ ‘ಬಾನ್ ಪಾಟೆ ಸೋ’ ಆಗಿ, ಒಳಗೆ ಹಂದಿಮಾಂಸ ತುಂಬಿಕೊಂಡಿತು. ಅದಕ್ಕೂ ಹಳೆಯದು ಮೆಕಾಂಗ್ ನದಿಯ ಸಾಕ್ ಚಾಂಗ್ ಸೀಮೆಯ ‘ಬಾನ್ ಪಿಯಾ’. ಚೀನಾದಿಂದ ವಲಸೆ ಬಂದವರು ಕಲಿಸಿದ ಈ ದುಂಡನೆಯ ತಿಂಡಿಯ ಪದರಗಳ ಒಳಗೆ ಹೆಸರುಬೇಳೆಯ ಸಿಹಿ ಹೂರಣವಿರುತ್ತದೆ. ಅದಕ್ಕೆ ಅಲ್ಲಿನವರು ತಮ್ಮ ನೆಲದ ಡುರಿಯನ್ ಹಣ್ಣನ್ನೂ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಯ ಹಳದಿಯನ್ನೂ ಸೇರಿಸಿದರು. ಹೆಸರುಬೇಳೆ ಹೋಳಿಗೆ ಬಲ್ಲ ಹಾಸನದವರಿಗೆ ಆ ಹೂರಣದ ಅರ್ಧ ಭಾಗವಾದರೂ ಒಗ್ಗೀತು.

ಬೇಕರಿ ಹರಡಿದ್ದು ನೆಂಟಸ್ತಿಕೆಯ ದಾರಿಯಲ್ಲಿ. ಊರಿನ ಹುಡುಗ ಚಿಕ್ಕಪ್ಪನದೋ ಭಾವನದೋ ಅಂಗಡಿಗೆ ಬಂದು, ಅಲ್ಲೇ ಉಂಡು ಮಲಗಿ, ಟ್ರೇ ತೊಳೆಯುವುದರಿಂದ ಹಿಡಿದು ಹಿಟ್ಟು ಕಲಸುವುದು, ಓವನ್ ನೋಡಿಕೊಳ್ಳುವುದು ಎಲ್ಲ ಕಲಿತು, ಆಮೇಲೆ ಬೇರೊಂದು ಬಡಾವಣೆಯಲ್ಲಿ ಸ್ವಂತ ಅಂಗಡಿ ತೆರೆಯುತ್ತಿದ್ದ. 1974ರ ಭೂಸುಧಾರಣೆಯ ನಂತರ ಗೇಣಿಯ ವರಮಾನ ಕಳೆದುಕೊಂಡ ಅಗ್ರಹಾರದ ಮನೆಗಳಿಗೆ ಪಟ್ಟಣದ ದುಡಿಮೆ ಅನಿವಾರ್ಯವೂ ಆಯಿತು. ಓವನ್ ಮುಂದೆ ನಿಂತು ಕಲಿತವರಲ್ಲಿ ಹಾಸನದ ಒಕ್ಕಲಿಗರೂ ಇತರರೂ ಇದ್ದರು. ಇಂದು ಬೆಂಗಳೂರಿನಲ್ಲೂ ಮುಂಬೈ, ಪುಣೆಗಳಲ್ಲೂ ‘ಅಯ್ಯಂಗಾರ್’ ಹೆಸರಿನ ಎಷ್ಟೋ ಬೇಕರಿಗಳ ಮಾಲೀಕರು ಅಯ್ಯಂಗಾರರಲ್ಲ. ಇದರಲ್ಲಿ ಕೊರಗುವಂಥದ್ದೇನೂ ಇಲ್ಲ. ಕಸುಬು ಜಾತಿಯ ಗೋಡೆ ದಾಟಿ ಇಡೀ ಜಿಲ್ಲೆಯದಾಯಿತು, ಅದು ಒಳ್ಳೆಯದೇ ಆಯಿತು.

ಇಷ್ಟು ಮನೆಗಳಿಗೆ ಅನ್ನ ಕೊಟ್ಟ ಈ ಕಸುಬಿನ ಚರಿತ್ರೆ ಬಹುಪಾಲು ಬಾಯಿಮಾತಿನಲ್ಲೇ ಉಳಿದಿದೆ. ಸೌದೆ ಓವನ್ನಿನ ಮುಂದೆ ದುಡಿದ ಹಿರಿಯರು ಈಗ ಊರಿಗೆ ಮರಳಿ ವಿಶ್ರಾಂತಿಯಲ್ಲಿದ್ದಾರೆ. ಹಾಸನದ ಕಾಲೇಜುಗಳ ಇತಿಹಾಸ ವಿಭಾಗಗಳು ವಿದ್ಯಾರ್ಥಿಗಳನ್ನು ಅವರ ಮನೆಗಳಿಗೆ ಕಳಿಸಿ, ಹದ, ಅಳತೆ, ಲೆಕ್ಕದ ಪುಸ್ತಕ, ಹಳೆಯ ಫೋಟೊಗಳೆಲ್ಲವನ್ನೂ ದಾಖಲಿಸಬೇಕು. ಆ ಹಿರಿಯರು ಮಾತಾಡಲು ಇರುವಾಗಲೇ ಇದು ಆಗಬೇಕು.