ಪ್ಲೈ ಕೊಯ್ಯಲು ಬಿಚ್ಚಿ ಜೋಡಿಸುವ ಮೇಜು

ಹೊಸ ಫ್ಲ್ಯಾಟಿನಲ್ಲಿ ವಾರ್ಡ್‌ರೋಬ್ ಕೆಲಸ ನಡೆಯುವಾಗ ಒಳಗೆ ಹೋಗಿ ನೋಡಿ. ಬಡಗಿ ನೆಲದಲ್ಲಿರುತ್ತಾರೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈ ಹಾಳೆಯ ಕೆಳಗೆ ರೀಪರ್ ತುಂಡುಗಳನ್ನಿಟ್ಟು, ಅದರ ಮೇಲೇ ಕುಕ್ಕರುಗಾಲಲ್ಲಿ ಕೂತು, ಮಾರ್ಬಲ್ ಕಟರ್ ಹಿಡಿದು ಕೊಯ್ಯುತ್ತಿರುತ್ತಾರೆ. ಕಲ್ಲು ಕೊಯ್ಯುವ ಯಂತ್ರಕ್ಕೆ ಮರದ ಬ್ಲೇಡ್! ಸರ್ಕ್ಯುಲರ್ ಸಾಗೆ ಇರುವಂಥ, ತಾನಾಗಿ ಮುಚ್ಚಿಕೊಳ್ಳುವ ಕೆಳಗವಚ ಅದಕ್ಕಿಲ್ಲ. ನಮ್ಮ ಮನೆಯ ಅಂದಕ್ಕಾಗಿ ಇನ್ನೊಬ್ಬರ ಮಂಡಿ, ಸೊಂಟ, ಬೆರಳು ಸವೆಯಬೇಕಿಲ್ಲ. ಒಳ್ಳೆಯ ಯಂತ್ರಕ್ಕೆ ದುಡ್ಡು ಬೇಕು, ನಿಜ. ಆದರೆ ಕೆಲಸವನ್ನು ನೆಲದಿಂದ ಮೇಲೆತ್ತಲು ಒಂದು ಹಾಳೆ ಪ್ಲೈ, ಎರಡು ಸ್ಟ್ಯಾಂಡ್ ಸಾಕು.

18 ಮಿ.ಮೀ. ದಪ್ಪದ ಹಾಳೆಯೊಂದು 30 ಕೆಜಿ ಆಸುಪಾಸು ತೂಗುತ್ತದೆ. ಎರಡು ತುದಿಗೆ ಎರಡು ಸ್ಟೂಲು ಕೊಟ್ಟು ನಡುವೆ ಕೊಯ್ದರೆ, ಕೊಯ್ತ ಮುಂದುವರಿದಂತೆ ಹಾಳೆ ಕುಸಿದು ಸೀಳು ಮುಚ್ಚಿಕೊಳ್ಳುತ್ತದೆ. ಬ್ಲೇಡ್ ಸಿಕ್ಕಿಕೊಂಡು ಯಂತ್ರ ಹಿಂದಕ್ಕೆ, ಹಿಡಿದವರ ಕಡೆಗೇ ಹಾರುತ್ತದೆ. ಕೊಯ್ದ ಮೇಲೂ ಎರಡೂ ತುಂಡು ಇದ್ದಲ್ಲೇ ಇರಬೇಕು ಅಂದರೆ ಗೆರೆಯ ಎರಡೂ ಬದಿಗೆ ಆಸರೆ ಬೇಕು.

ಅದಕ್ಕಿರುವ ಸುಲಭ ಉಪಾಯ ಚೌಕುಳಿ ಚೌಕಟ್ಟು. ಐದಿಂಚು ಅಗಲದ ಪ್ಲೈ ಪಟ್ಟಿಗಳನ್ನು ಸೀಳಿಕೊಳ್ಳಿ. ಆರಡಿಯವು ಮೂರು, ಮೂರೂವರೆ ಅಡಿಯವು ಐದು. ಅಡ್ಡ ಪಟ್ಟಿ ಉದ್ದ ಪಟ್ಟಿಯನ್ನು ದಾಟುವ ಕಡೆಯೆಲ್ಲ ಎರಡೂವರೆ ಇಂಚು ಆಳದ ಕಚ್ಚು ಹೊಡೆಯಬೇಕು. ಉದ್ದ ಪಟ್ಟಿಗೆ ಮೇಲಿನಿಂದ, ಅಡ್ಡ ಪಟ್ಟಿಗೆ ಕೆಳಗಿನಿಂದ. ಕಚ್ಚಿನ ಅಗಲವನ್ನು ಟೇಪಿನಲ್ಲಿ ಅಳೆಯದೆ, ಅದೇ ಪ್ಲೈನ ಒಂದು ಚೂರು ಇಟ್ಟು ಗುರುತು ಹಾಕಿಕೊಳ್ಳುವುದೇ ಸರಿ, ಏಕೆಂದರೆ 18 ಎಂದು ಮಾರುವ ಹಾಳೆ ಅಳತೆಗೆ ಸರಿಯಾಗಿ 18 ಇರದಿರಬಹುದು. ಕೈಯಲ್ಲಿ ಒತ್ತಿದರೆ ಕೂರಬೇಕು, ಎಳೆದರೆ ಬಿಚ್ಚಿ ಬರಬೇಕು. ಫೆವಿಕಾಲ್ ಬೇಡ. ಸ್ಕ್ರೂ, ಮೊಳೆ ಬೇಡವೇ ಬೇಡ, ಬ್ಲೇಡ್ ಹೋಗುವ ದಾರಿಯಲ್ಲಿ ಲೋಹ ಇರಕೂಡದು.

ಕೂಡಿಸಿದ ಚೌಕಟ್ಟನ್ನು ಸೊಂಟದ ಎತ್ತರಕ್ಕೆ ಬರುವಂತೆ ಎರಡು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಇಟ್ಟರೆ ಮೇಜು ಸಿದ್ಧ. ಉದ್ದ ಪಟ್ಟಿ ಒಂದೊಂದೂ ಎರಡು ಕೆಜಿ ಚಿಲ್ಲರೆ, ಅಡ್ಡ ಪಟ್ಟಿ ಇನ್ನೂ ಹಗುರ. ಬಿಚ್ಚಿ ಕಟ್ಟಿದರೆ ಲಿಫ್ಟ್ ಇಲ್ಲದ ಮೂರನೇ ಮಹಡಿಗೂ ಹೊತ್ತೊಯ್ಯಬಹುದು.

ಈ ಮೇಜಿನ ಮೇಲೆ ಕೊಯ್ಯುವಾಗ ಬ್ಲೇಡನ್ನು ಹಾಳೆಯ ದಪ್ಪಕ್ಕಿಂತ ಮೂರು ಮಿ.ಮೀ. ಮಾತ್ರ ಕೆಳಗಿಳಿಸಬೇಕು. ಅಷ್ಟರಮಟ್ಟಿಗೆ ಅದು ಚೌಕಟ್ಟನ್ನೂ ಕಚ್ಚುತ್ತದೆ, ಕಚ್ಚಲಿ. ಗಾಯ ಹೆಚ್ಚಾದ ದಿನ ಇಡೀ ಚೌಕಟ್ಟನ್ನು ಮಗುಚಿ ಹಾಕಿದರೆ ಇನ್ನೊಂದು ಮೈ ಹೊಸದಾಗಿ ಸಿಗುತ್ತದೆ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲ್ಮೈಯಲ್ಲಿ, ಹಾಗಾಗಿ ಚೆಂದದ ಮುಖ ಕೆಳಗಿರಲಿ. ಮೇಜಿಗೆ ಪಟ್ಟಿ ತೆಗೆದು ಉಳಿದ ಎಂಟಡಿ ಪ್ಲೈನಲ್ಲಿ ಕಾರ್ಖಾನೆಯ ಅಂಚಿರುವ ಒಂದು ಪಟ್ಟಿಯನ್ನು ಎತ್ತಿಡಿ. ಎರಡು ಕ್ಲ್ಯಾಂಪ್ ಹಾಕಿ ಅದಕ್ಕೆ ಒರಗಿಸಿ ಯಂತ್ರ ಓಡಿಸಿದರೆ ಗೆರೆ ನೇರ ಬರುತ್ತದೆ.

ಹೊತ್ತೊಯ್ಯುವ ಕೆಲಸದ ಮೇಜಿನ ಚರಿತ್ರೆಯಲ್ಲಿ ರಾನ್ ಹಿಕ್‌ಮನ್ ಹೆಸರು ದೊಡ್ಡದು. ಲೋಟಸ್ ಎಲಾನ್ ಕಾರಿನ ವಿನ್ಯಾಸಕಾರ ಇವರು. 1961ರಲ್ಲಿ ವಾರ್ಡ್‌ರೋಬ್ ಮಾಡುತ್ತ, ಆಸರೆಗೆ ಇಟ್ಟುಕೊಂಡಿದ್ದ ದುಬಾರಿ ಕುರ್ಚಿಯನ್ನೇ ಗರಗಸದಲ್ಲಿ ಕೊಯ್ದುಬಿಟ್ಟರು. ಆ ಕುರ್ಚಿಯಿಂದ ಹುಟ್ಟಿದ್ದು ಮಡಚುವ ವರ್ಕ್‌ಮೇಟ್ ಬೆಂಚು. ಮೊದಲು ಬೇಡವೆಂದಿದ್ದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿಯೇ ಕೊನೆಗೆ ಅದನ್ನು ಕೈಗೆತ್ತಿಕೊಂಡು ಲೋಕವೆಲ್ಲ ಮಾರಿತು. ಹಲಗೆ, ರೀಪರ್ ಹಿಡಿಯಲು ಆ ಬೆಂಚು ಬಹಳ ಒಳ್ಳೆಯದು. ಇಡೀ ಪ್ಲೈ ಹಾಳೆಗೆ ಚೌಕಟ್ಟೇ ವಾಸಿ.

ಮನೆಗೆ ಬಡಗಿ ಕೆಲಸ ಮಾಡಿಸುವವರಲ್ಲಿ ಒಂದು ಕೋರಿಕೆ. ಪ್ಲೈ ಲೆಕ್ಕ ಹಾಕುವಾಗ ಒಂದು ಹಾಳೆ ಹೆಚ್ಚು ತರಿಸಿ, ಮೊದಲ ದಿನ ಈ ಮೇಜು ಮಾಡಿಸಿ. ಕೆಲಸ ಮುಗಿದ ಮೇಲೆ ಅದನ್ನು ಬಡಗಿಗೇ ಕೊಟ್ಟು ಕಳಿಸಿ.