ಕಿಷ್ಕಿಂಧೆಯ ಗುಡ್ಡದ ಸಾಲು

ಗಂಗಾವತಿ ಬಿಟ್ಟು ಆನೆಗೊಂದಿಯತ್ತ ಹೊರಟರೆ ಭತ್ತದ ಗದ್ದೆಗಳ ಅಂಚಿಗೇ ಗುಡ್ಡಗಳು ಎದ್ದು ನಿಲ್ಲುತ್ತವೆ. ಮರ ಕಡಿಮೆ, ಮಣ್ಣು ಇನ್ನೂ ಕಡಿಮೆ. ಗುಂಡಿನ ಮೇಲೆ ಗುಂಡು. ಈ ಸೀಮೆಯ ಜನ ಕಿಷ್ಕಿಂಧೆಯನ್ನು ಬೆರಳು ಮಾಡಿ ತೋರಿಸುತ್ತಾರೆ: ಹನುಮ ಹುಟ್ಟಿದ ಅಂಜನಾದ್ರಿ ಅಲ್ಲಿ, ಶಬರಿ ಕಾದ ಪಂಪಾ ಸರೋವರ ಇಲ್ಲಿ, ಹೊಳೆಯಾಚೆ ಮತಂಗ, ಮಾಲ್ಯವಂತ. ಮತಂಗ ಮುನಿಯ ಶಾಪಕ್ಕೆ ಅಂಜಿ ವಾಲಿ ಋಷ್ಯಮೂಕಕ್ಕೆ ಕಾಲಿಡಲಾರ. ಸುಗ್ರೀವ ಅಡಗಿದ್ದು ಅದಕ್ಕೇ ಅಲ್ಲಿ. ಈ ಗವಿಗಳನ್ನೂ ಸಂದಿಗಳನ್ನೂ ಕಂಡವರಿಗೆ ಕಥೆ ಇಲ್ಲಿ ನೆಲೆ ನಿಂತದ್ದು ಸಹಜವೆನಿಸುತ್ತದೆ.

ಈ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಬೆಟ್ಟಗಳೂ ಇದೇ ಗ್ರಾನೈಟ್ ಪಟ್ಟಿಯವು. ನೆಲದಾಳದಲ್ಲಿ ಹೆಪ್ಪುಗಟ್ಟಿದ ಶಿಲೆ, ಮೇಲಿನ ಹೊರೆ ಸವೆದು ಹೋದಂತೆ ಬಿರುಕು ಬಿಟ್ಟಿತು. ಬಿರುಕಿಗಿಳಿದ ನೀರು ಮೂಲೆಗಳನ್ನು ತಿಂದು ಚೌಕವನ್ನು ಗುಂಡಾಗಿಸಿತು. ಹಾಸುಬಂಡೆಗಳು ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಬಿಟ್ಟುಕೊಂಡವು.

ಆ ಪದರುಗಳ ಬೆಲೆ ತಿಳಿದಿದ್ದವರು ಇದೇ ಸೀಮೆಯ ಹಿರೇಬೆಣಕಲ್‌ನ ಪ್ರಾಚೀನರು. ಅಲ್ಲಿನ ಮೋರೇರ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಶಿಲಾ ಸಮಾಧಿಗಳಿವೆ. ತಾನಾಗಿ ಎದ್ದ ಚಪ್ಪಡಿಗಳನ್ನೇ ಬಿಡಿಸಿ, ನಾಲ್ಕು ಬದಿಗೆ ನಿಲ್ಲಿಸಿ, ಮೇಲೊಂದು ಹೊದಿಸಿದ್ದಾರೆ. ಕೆಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ಕಿಂಡಿಯ ಅಂಚು ಮುಟ್ಟಿ ನೋಡಬೇಕು. ಅಷ್ಟು ಗಟ್ಟಿ ಕಲ್ಲನ್ನು ಅಷ್ಟು ಸಮನಾಗಿ ದುಂಡಗೆ ಕೊರೆಯಲು ಎಷ್ಟು ತಾಳ್ಮೆ ಬೇಕಾಗಿತ್ತೋ! ಎತ್ತರದ ಬಂಡೆಯೊಂದರ ಮೇಲೆ ನಗಾರಿಯಾಕಾರದ ಕಲ್ಲೊಂದಿದೆ, ಬಡಿದರೆ ದನಿ ದೂರಕ್ಕೆ ಹೋಗುತ್ತದೆ. ಸತ್ತವರಿಗಾಗಿ ಇಷ್ಟು ದುಡಿದವರು ಎಂಥ ಜನವಾಗಿರಬೇಕು!

ಬಂಡೆಗಳನ್ನು ಬಳಸಿಕೊಂಡವರು ಇವರಷ್ಟೇ ಅಲ್ಲ: ಕೊಪ್ಪಳದ ಗವಿಮಠದ ಬಂಡೆಯಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೂ ಅಂಜನಾದ್ರಿಯ ಮೆಟ್ಟಿಲೇರುವ ಸಾವಿರಾರು ಜನರಲ್ಲಿ ಈ ಗುಡ್ಡದ ಕಡೆ ತಿರುಗುವವರು ಬಲು ವಿರಳ. ನಿಧಿಯಾಸೆಗೆ ಅಗೆದವರು ಹಲವು ಸಮಾಧಿಗಳನ್ನು ಕೆಡವಿದ್ದಾರೆ. ಅಲ್ಲಿಗೆ ಕಾವಲು ಬೇಕು, ಊರವರಿಗೆ ಅದರ ಹೊಣೆಯೂ ಆದಾಯವೂ ಸಿಗಬೇಕು. ಮುಂದಿನ ಸಲ ಅಂಜನಾದ್ರಿಗೆ ಹೋಗುವವರು ಅರ್ಧ ದಿನ ಹಿರೇಬೆಣಕಲ್‌ಗೂ ಇಡಿ. ಬೆಳಿಗ್ಗೆಯೇ ಹತ್ತಿ, ನೀರು ಒಯ್ಯಿರಿ, ಚಪ್ಪಡಿಗಳ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ.