ನಿಮಗಿದು ಗೊತ್ತೆ? ಗೇಟಿಗೆ ಸ್ಕಾಡಾ, ಪಾಳಿಗೆ ಸಂಘ
ಸುರಪುರ ತಾಲ್ಲೂಕಿಗೆ ನೀರುಣಿಸುವ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು. ಗೇಟುಗಳನ್ನು ದೂರದಿಂದಲೇ ಏರಿಳಿಸಲು ಸ್ಕಾಡಾ ವ್ಯವಸ್ಥೆಯಿದೆ. ಆದರೆ ಹೊಲಗಾಲುವೆಯಲ್ಲಿ ಯಾರ ಪಾಳಿ ಮೊದಲು, ಕೊನೆಯಂಚಿನ ರೈತನಿಗೆ ನೀರು ಮುಟ್ಟಿತೇ? ಅದನ್ನು ನೋಡಬೇಕಾದವರು ನೀರು ಬಳಕೆದಾರರ ಸಹಕಾರ ಸಂಘದವರು. ಅವರಿಲ್ಲದೆ ಎಷ್ಟು ಒಳ್ಳೆಯ ಗೇಟೂ ಅರ್ಧ ಕೆಲಸವೇ.

ಹೀಗೆ ತಂತ್ರವನ್ನೂ ದುಡಿಯುವವರ ಕೂಟವನ್ನೂ ಜೊತೆಗೇ ರೂಪಿಸಬೇಕೆಂಬ ವಿಚಾರ ಹುಟ್ಟಿದ್ದು ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ. ಯಂತ್ರ ಬಂದು ಸಣ್ಣ ತಂಡಗಳು ಒಡೆದಾಗ ಏನೇನು ಕೆಟ್ಟಿತೆಂದು ಸಂಶೋಧಕರಾದ ಎರಿಕ್ ಟ್ರಿಸ್ಟ್, ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ಬರೆದರು. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ ಅದೇ ವಿಚಾರ ಹಿಡಿದ ಸಂಶೋಧಕ ಎ.ಕೆ. ರೈಸ್ ಸಲಹೆಯಂತೆ ಸ್ವಯಂಚಾಲಿತ ಮಗ್ಗಗಳಿಗೆ ಸಣ್ಣ ತಂಡಗಳು ಬಂದವು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು. ತಂಡಕ್ಕೆ ಯಾರ್‍ಯಾರೆಂದು ಆರಿಸಿಕೊಂಡವರೂ ಕಾರ್ಮಿಕರೇ.